ತಿಳಿಯಾಗಿದ್ದ ಅರ್ಧ ಬಾಟಲಿ

ಆ ಪ್ರಯೋಗಾಲಯದಲ್ಲಿ ಬಾಟ್ಲಿ ಅಕ್ಕನಿಗೆ ಎದುರಾಡುವ ಗಂಡು ಇನ್ನೂ ಹುಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷ ಗಾಜಿನ ಸಾಮಾನು ತೊಳೆದವಳು. ಬಳಸಿದ ಬಾಟಲಿಯನ್ನು ನೆನೆಹಾಕದೆ ಒಣಗಿಸಿ ತಂದವರು ದೊಡ್ಡ ಮೇಷ್ಟ್ರೇ ಆಗಲಿ, "ಮನೇಲೂ ಹೀಗೇ ಇಡ್ತೀರಾ ಸಾರ್?" ಎಂದು ಮುಖದ ಮೇಲೇ ಕೇಳಿಬಿಡುತ್ತಿದ್ದಳು. ಬ್ಯಾಕ್ಟೀರಿಯ ಬೆಳೆಸುವ ಹಳದಿ ದ್ರವಕ್ಕೆ ಅವಳಿಟ್ಟ ಹೆಸರು ಕ್ರಿಮಿ ಊಟ. ಅದು ಕದಡಿದ್ದರೆ ಬಳಸಿದ್ದು, ಚರಂಡಿಗೆ. ತಿಳಿಯಾಗಿದ್ದರೆ ಹೊಸದು, ಕಪಾಟಿಗೆ. ಈ ಕಟ್ಟಳೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಇಂಥ ಜೋರಿನ ಅಕ್ಕನಿಗೂ ಕನ್ನಡಕದ ಹುಡುಗಿಯೆಂದರೆ ಜೀವ. ಸಂಶೋಧನೆಗೆಂದು ಮೂರು ವರ್ಷದ ಹಿಂದೆ ಬಂದವಳು, ಸೋಪಿನ ನೀರಿಗೆ ಬಿರಿದ ಅಕ್ಕನ ಬೆರಳು ನೋಡಿ, ಮೊದಲ ತಿಂಗಳೇ ಮೊಣಕೈವರೆಗಿನ ರಬ್ಬರ್ ಗ್ಲೌಸು ತಂದುಕೊಟ್ಟಿದ್ದಳು. "ಬಾಟ್ಲಿ ಹೊಳೀತಾ ಅಂತ ಎಲ್ರೂ ನೋಡೋರು. ನನ್ನ ಕೈ ನೋಡಿದ್ದು ಇವಳೊಬ್ಳೇ" ಎಂದು ಅಕ್ಕ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಹುಡುಗಿಯ ಕೆಲಸವೋ, ಬೆಳಕು ಬೀರುವ ಬ್ಯಾಕ್ಟೀರಿಯದ್ದು.

"ಒಂದೊಂದೂ ಒಂದು ರಾಸಾಯನಿಕ ಬಿಡ್ತಾ ಇರುತ್ತೆ ಅಕ್ಕಾ. ಗುಂಪು ಬೆಳೆದಂಗೆ ಅದೂ ಜಾಸ್ತಿಯಾಗುತ್ತೆ. ಸಾಕಷ್ಟಾದ್ಮೇಲೆ ಬೆಳಕಿನ ಜೀನ್ ಆನ್ ಆಗಿ ಎಲ್ಲಾ ಒಟ್ಟಿಗೆ ಹೊಳೆಯುತ್ವೆ."

"ಓಹೋ, ಹಾಜರಿ ತಗೊಂಡು ಕೆಲಸ ಶುರು ಮಾಡ್ತವೆ ಅನ್ನು! ನಮ್ಮೋರಿಗಿಂತ ವಾಸಿ."

ಆ ರಾಸಾಯನಿಕ ತಯಾರಿಸಲಾರದ ಒಂದು ತಳಿಯನ್ನು ಹುಡುಗಿ ಮೂರು ವರ್ಷ ಒದ್ದಾಡಿ ರೂಪಿಸಿದ್ದಳು. ಅದಕ್ಕವಳು ಮೂಗ ಕ್ರಿಮಿ ಎನ್ನುತ್ತಿದ್ದಳು. ಎಷ್ಟೇ ಗುಂಪಾದರೂ ಅದು ತಾನಾಗಿ ಹೊಳೆಯಬಾರದು. ಆದರೆ ಆ ಸೋಮವಾರ ಹೊಳೆದುಬಿಟ್ಟಿತು.

"ಇದು ಮೂಗಾನೇ ಅಲ್ಲ. ಶುಕ್ರವಾರದೊಳಗೆ ಕಾರಣ ಹೇಳು, ಇಲ್ಲಾಂದ್ರೆ ಈ ಕೆಲಸ ಬಿಟ್ಟು ಬೇರೆ ಹಿಡಿ" ಎಂದರು ದೊಡ್ಡ ಮೇಷ್ಟ್ರು.

ಹುಡುಗಿ ಸಿಂಕಿನ ಪಕ್ಕ ನಿಂತು ಬಿಕ್ಕಿಬಿಕ್ಕಿ ಅತ್ತಳು. "ಎಲ್ಲಾ ಸರಿಯಾಗೇ ಮಾಡಿದ್ದೆ ಅಕ್ಕಾ. ಕಪಾಟಲ್ಲಿದ್ದ ಅರ್ಧ ಬಾಟ್ಲಿ ಊಟಾನೇ ಹಾಕಿದ್ದು."

ಅಕ್ಕ ತೊಳೆಯುತ್ತಿದ್ದ ಬಾಟಲಿಯನ್ನು ಕೆಳಗಿಟ್ಟಳು. ಬಿಸಿನೀರಿನ ಹಬೆಗೆ ಲೇಬಲ್ ಕಿತ್ತುಹೋದ ಒಂದು ಅರ್ಧ ಬಾಟಲಿ ಹಿಂದಿನ ಶುಕ್ರವಾರ ಸಿಂಕಿನ ಬಳಿ ಸಿಕ್ಕಿತ್ತು. ತಿಳಿಯಾಗಿತ್ತು. ಒಳ್ಳೇ ಊಟ ಯಾಕೆ ಚೆಲ್ಲಬೇಕೆಂದು ಕಪಾಟಿಗಿಟ್ಟವಳು ಅವಳೇ. ಕ್ರಿಮಿಯೂ ದಾಟದಷ್ಟು ಸಣ್ಣ ತೂತಿನ ಸೋಸುಬಿಲ್ಲೆಯೊಂದು, ಫಿಲ್ಟರು, ಹುಡುಗಿಯ ಬಳಿ ಇರುವುದು ಈಗ ನೆನಪಾಯಿತು. ಅದರಲ್ಲಿ ಸೋಸಿದರೆ ಬಳಸಿದ ದ್ರವವೂ ತಿಳಿಯಾಗಿಯೇ ಕಾಣುತ್ತದೆ.

ಆ ರಾತ್ರಿ ಮನೆಯಲ್ಲಿ ವಿಷಯ ಕೇಳಿದ ಗಂಡ, "ಸುಮ್ನಿರೇ, ನಿಂದು ಗುತ್ತಿಗೆ ಕೆಲಸ. ಬಾಯಿ ಬಿಟ್ರೆ ನಾಳೆಯಿಂದ ಮನೇಲಿ ಕೂರ್ತೀಯ" ಎಂದ. ಅವನ ಮಾತಲ್ಲಿ ಸುಳ್ಳೇನಿರಲಿಲ್ಲ.

ಬೆಳಿಗ್ಗೆ ಗ್ಲೌಸಿನೊಳಗೆ ಕೈ ತೂರಿಸಿದಳು, ನಲ್ಲಿ ತಿರುಗಿಸಲು ಮನಸ್ಸು ಬರಲಿಲ್ಲ. ಯಾರ ಮಗಳೋ ಏನೋ, ತನ್ನ ಕೈ ನೋಡಿದವಳು. ಗ್ಲೌಸು ಹಾಕಿಕೊಂಡೇ ಹುಡುಗಿಯನ್ನು ಎಳೆದುಕೊಂಡು ಮೇಷ್ಟ್ರ ಕೋಣೆಗೆ ನುಗ್ಗಿದಳು.

"ತಪ್ಪು ನಂದು ಸಾರ್, ಇವಳದ್ದಲ್ಲ. ನನ್ನ ತೆಗೀರಿ, ಇವಳ ಕೆಲಸ ತೆಗೀಬೇಡಿ" ಎಂದು ಬಾಟಲಿಯ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

ಮೇಷ್ಟ್ರು ಬಾಯಿ ತೆಗೆಯುವ ಮೊದಲೇ ಹುಡುಗಿ ಕಿರುಚಿದಳು: "ಅಯ್ಯೋ ಅಕ್ಕಾ! ಅದು ಹೊಳೆಯೋ ಕ್ರಿಮಿಗಳನ್ನ ಸೋಸಿ ತೆಗೆದ ನೀರು! ಕ್ರಿಮಿ ಹೋದ್ರೂ ಅವು ಬಿಟ್ಟ ರಾಸಾಯನಿಕ ಅದರಲ್ಲೇ ಉಳಿಯುತ್ತೆ, ಅದನ್ನ ಗುರುತಿಸಿ ಇದು ಹೊಳೆದಿದೆ. ಸಾರ್, ನಮ್ಮ ಮೂಗ ಮೂಗಾನೇ, ಆದ್ರೆ ಕಿವುಡ ಅಲ್ಲ!"

ಮೇಷ್ಟ್ರು ಗಡ್ಡ ಕೆರೆದುಕೊಂಡರು. "ಮೂಗನ್ನ ಹೊಸ ಊಟದಲ್ಲೊಂದು, ಸೋಸಿದ ನೀರು ಬೆರೆಸಿ ಇನ್ನೊಂದು, ಬೇರೆಬೇರೆ ಬೆಳೆಸಿ ತೋರಿಸು. ನೀವು, ಅಕ್ಕ, ಲೇಬಲ್ ಇಲ್ಲದ್ದು ಇನ್ಮೇಲೆ ನೇರ ಚರಂಡಿಗೆ. ತಿಳೀತಾ? ಹೋಗಿ, ಸಿಂಕಲ್ಲಿ ಬಾಟ್ಲಿ ರಾಶಿ ಬಿದ್ದಿದೆ."

ಕೆಲಸ ಉಳಿಯಿತು. ಅಕ್ಕ ಹೊರಬಂದು ನೇರ ಸಿಂಕಿಗೆ ಹೋಗಿ ನಲ್ಲಿ ತಿರುಗಿಸಿದಳು.

ಗುರುವಾರ ಮಧ್ಯಾಹ್ನ ಹುಡುಗಿ ಅವಳನ್ನು ಕತ್ತಲೆ ಕೋಣೆಗೆ ಕರೆದೊಯ್ದಳು. ಮೂರು ವರ್ಷ ಆ ಕ್ರಿಮಿಗಳ ಬಾಟಲಿ ತೊಳೆದಿದ್ದರೂ ಅವು ಹೊಳೆಯುವುದನ್ನು ಅಕ್ಕ ಕಂಡಿರಲಿಲ್ಲ. ತೊಳೆಯುವ ಕೋಣೆಯಲ್ಲಿ ದೀಪ ಆರಿಸಿದವರು ಯಾರು? ಬಾಗಿಲು ಮುಚ್ಚಿತು. ಕಣ್ಣು ಹೊಂದಿಕೊಳ್ಳಲು ಹೊತ್ತು ಹಿಡಿಯಿತು. ಹೊಸ ಊಟದ ಬಾಟಲಿ ಕಪ್ಪಗೆ ಕೂತಿತ್ತು. ಸೋಸಿದ ನೀರು ಬೆರೆಸಿದ್ದು ತಣ್ಣನೆಯ ನೀಲಿ ಬೆಳಕು ಚೆಲ್ಲುತ್ತಿತ್ತು.

"ಅಯ್ಯೋ ದೇವ್ರೇ, ಇಷ್ಟು ದಿನ ನಾನು ಚರಂಡಿಗೆ ಸುರಿದಿದ್ದು ಇದನ್ನೇನಾ?"

"ಒಂದು ಸಲ ಸುರಿಯದೆ ಇಟ್ಟಿದ್ದನ್ನ ಬಾಯಿಬಿಟ್ಟು ಹೇಳಿದ್ರಲ್ಲ ಅಕ್ಕಾ, ನಾನು ಉಳಕೊಂಡೆ."

ಅಕ್ಕ ಬಾಟಲಿಯ ಹತ್ತಿರ ಎರಡೂ ಕೈ ಹಿಡಿದಳು. ಆ ಮಂದ ಬೆಳಕಿನಲ್ಲಿ ಬಿರುಕಿಲ್ಲದ ತನ್ನ ಹತ್ತೂ ಬೆರಳು ಕಂಡವು.

"ನಿನ್ನ ಹೊಟ್ಟೆ ತಣ್ಣಗಿರಲಿ, ತಾಯಿ" ಎಂದಳು.