ನೀಲಾಳ ಕೈಯ ಮೇಲೆ ಹೊರಿಸಿದ್ದು

ನನ್ನ ತಂಗಿ ನೀಲಾಳ ಕೈಯಿಂದ ಆ ಕಂಪ್ಯೂಟರಿನ ಪ್ರೊಸೆಸರ್ ಹಾಳಾಗಲಿಲ್ಲ. ಅದು ಹಾಳೇ ಆಗಿರಲಿಲ್ಲ. ಇದು ನನಗೆ ಆವತ್ತೇ ಗೊತ್ತಿತ್ತು — ಗೊತ್ತಿದ್ದೂ ಮನೆಯವರೆಲ್ಲರ ಮುಂದೆ ಅವಳ ಕೈ ತೋರಿಸಿದೆ. ಇಷ್ಟು ವರ್ಷ ನಾನು ಅದನ್ನು ನುಂಗಿಕೊಂಡಿದ್ದೆ. ಅವಳು ತನ್ನ ಕೈಯದೇ ತಪ್ಪೆಂದು ನಂಬಿಕೊಂಡಿದ್ದಳು.

ನಮ್ಮ ತವರು ಮರಾಠಿ ಗಡಿಯ ಊರು ಕಾಸಾರಶಿರಸಿ. ಆಗ ನಾನು ಇಂಜಿನಿಯರಿಂಗ್ ಓದುತ್ತಿದ್ದೆ, ನೀಲಾ ಹನ್ನೆರಡನೆಯದು ಮುಗಿಸಿ ಮನೆಯಲ್ಲಿದ್ದಳು. ಮೊಬೈಲಿನಲ್ಲಿ ಆಡಿ ಆಡಿ ಬೇಸತ್ತ ನಾವಿಬ್ಬರೂ ಒಂದು ಗೇಮಿಂಗ್ ಕಂಪ್ಯೂಟರನ್ನು ನಮ್ಮ ಕೈಯಾರೆ ಜೋಡಿಸಬೇಕೆಂದು ಹಟ ಹಿಡಿದೆವು. ಅಪ್ಪ ನನ್ನ ಓದಿನ ನೆಪಕ್ಕೆ ಒಪ್ಪಿದರು. ತಂದ ಮೇಲೆ ನಡೆಯಬೇಕು, ಮೂಲೆಗೆ ಬೀಳಬಾರದು ಎಂದಷ್ಟೇ ಹೇಳಿದರು.

ನೀಲಾಳ ಬೆರಳುಗಳಿಗೆ ಚಿಕ್ಕಂದಿನಿಂದ ಒಂದು ಸಣ್ಣ ನಡುಕ. ಯಾರಾದರೂ ನೋಡುತ್ತಿದ್ದರೆ ಹೆಚ್ಚು. ಆದರೆ ಜೋಡಿಸುವವಳು ತಾನೇ ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. ಮುಚ್ಚಿಹೋದ ಇಂಟರ್ನೆಟ್ ಅಂಗಡಿಯೊಂದರಿಂದ ಕೆಟ್ಟ ಕಂಪ್ಯೂಟರ್ ತಂದಿಟ್ಟುಕೊಂಡು, ಅದರ ಪ್ರೊಸೆಸರ್ ತೆಗೆಯುವುದು, ಕೂರಿಸುವುದು, ಮತ್ತೆ ತೆಗೆಯುವುದು — ಹೀಗೆ ಅಭ್ಯಾಸ ಮಾಡುತ್ತ, ಮೊಣಕೈ ಮೇಜಿಗೆ ಊರಿ ಉಸಿರು ಬಿಗಿಹಿಡಿದರೆ ನಡುಕ ನಿಲ್ಲುತ್ತದೆಂದು ತಾನೇ ಕಂಡುಕೊಂಡಳು. ಉದಗೀರಕ್ಕೆ ಹೋಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಬೇಕೆಂಬ ಆಸೆ ಅವಳಿಗೆ. ಅದಕ್ಕೆ ಇದು ಮೊದಲ ಪರೀಕ್ಷೆ ಎಂದುಕೊಂಡಿದ್ದಳೋ ಏನೋ.

ಒಂದಕ್ಕೊಂದು ಹೊಂದುವ ಬಿಡಿಭಾಗಗಳನ್ನು ಆರಿಸುವುದೇ ದೊಡ್ಡ ಕೆಲಸ. ನಾವು ಹಂಚಿಕೊಂಡೆವು. ಗ್ರಾಫಿಕ್ಸ್ ಕಾರ್ಡ್ ಕಂಪ್ಯೂಟರಿನ ಡಬ್ಬಿಯೊಳಗೆ ಹಿಡಿಸುತ್ತದೋ ಇಲ್ಲವೋ ಎಂದು ನೀಲಾ ಅದರ ಅಳತೆಗೆ ರಟ್ಟು ಕತ್ತರಿಸಿ ಇಟ್ಟು ನೋಡಿದಳು. ಯಾವ ರ‍್ಯಾಮ್, ಎಷ್ಟು ಶಕ್ತಿಯ ಪವರ್ ಸಪ್ಲೈ, ಎಲ್ಲವನ್ನೂ ವಿಚಾರಿಸಿಕೊಂಡಳು. ಪ್ರೊಸೆಸರಿಗೆ ಸರಿಯಾದ ಮದರ್‌ಬೋರ್ಡ್ ಆರಿಸುವುದು ಮಾತ್ರ ನನ್ನ ಪಾಲಿಗೆ ಬಂತು. ಇಂಜಿನಿಯರಿಂಗ್ ಓದುವವಳು ನಾನಲ್ಲವೇ.

ಉಳಿದ ಸಾಮಾನು ಮನೆಗೆ ಬಂದ ಮೇಲೆ ಪ್ರೊಸೆಸರ್, ಬೋರ್ಡ್ ಎರಡನ್ನು ತರಲು ಉದಗೀರಕ್ಕೆ ನಾನೊಬ್ಬಳೇ ಹೋದೆ. ಅಂಗಡಿಯವನು ಬೋರ್ಡಿನ ಡಬ್ಬಿ ತಿರುಗಿಸಿ ನೋಡಿ ಮರಾಠಿಯಲ್ಲಿ ಹೇಳಿದ, “ತಾಈ, ಹಾ ಬೋರ್ಡ್ ಜುನಾ ಆಹೆ. ಅಪ್‌ಡೇಟ್ ಕೇಲ್ಯಾಶಿವಾಯ ಚಾಲೂ ಹೋಣಾರ ನಾಹೀ.” ಬೋರ್ಡ್ ಹಳೆಯ ದಾಸ್ತಾನಿನದು, ಅದರೊಳಗಿನ ಸಾಫ್ಟ್‌ವೇರ್ ಬದಲಿಸದೆ ಈ ಹೊಸ ಪ್ರೊಸೆಸರನ್ನು ಅದು ಗುರುತಿಸುವುದಿಲ್ಲ, ಒಂದು ದಿನ ಬಿಟ್ಟುಹೋದರೆ ಮಾಡಿಟ್ಟಿರುತ್ತೇನೆ ಎಂದ. ನನಗೆ ಅವಮಾನವಾದಂತಾಯಿತು. ಪ್ರೊಸೆಸರ್ ಕೂರುವ ಸಾಕೆಟ್ ಎರಡಕ್ಕೂ ಒಂದೇ ಎಂದು ಓದಿಕೊಂಡು ಬಂದಿದ್ದೆ. ಹೊಂದಿದ್ದು ಹೊಂದಿತು, ಇನ್ನೇನು? ಮಾರನೆಯ ದಿನ ಕಾಕಾ ಬರುವವರಿದ್ದರು, ಅವರ ಮುಂದೆ ಚಾಲೂ ಮಾಡಿ ತೋರಿಸುತ್ತೇವೆಂದು ಹೇಳಿಯೂ ಆಗಿತ್ತು. ಡಬ್ಬಿ ಎತ್ತಿಕೊಂಡು ಬಸ್ಸು ಹತ್ತಿದೆ.

ಮನೆಗೆ ಬಂದಾಗ ನೀಲಾ ಕೇಳಿದಳು, “ಅಕ್ಕಾ, ಎರಡೂ ಹೊಂದತಾವಲ್ಲಾ? ಅಂಗಡ್ಯಾಗ ಕೇಳಿದಿ?”

“ಕೇಳೀನಿ. ಹೊಂದತಾವ,” ಎಂದೆ.

ಮರುದಿನ ಪಡಸಾಲೆ ತುಂಬ ಜನ. ಅಪ್ಪ, ಅವ್ವ, ಕಾಕಾ, ಕಾಕಾನ ಮಕ್ಕಳು, ಪಕ್ಕದ ಮನೆಯವರು. ಎಲ್ಲರ ಕಣ್ಣೂ ನೀಲಾಳ ಬೆರಳುಗಳ ಮೇಲೆ. ಪ್ರೊಸೆಸರ್ ಎತ್ತಿಕೊಂಡಾಗ ಅವಳ ಕೈ ನಡುಗಿತು. ನಿಂತಳು. ಮೊಣಕೈ ಊರಿದಳು, ಉಸಿರು ಹಿಡಿದಳು — ಅದು ತನ್ನ ಜಾಗದಲ್ಲಿ ಹೂವಿನಂತೆ ಕೂತಿತು. ನಾನು ಹತ್ತಿರದಿಂದ ನೋಡಿದೆ. ಅದಕ್ಕಿಂತ ಚೆನ್ನಾಗಿ ಯಾರೂ ಕೂರಿಸಲಾರರು. ಇದನ್ನು ನಾನು ಬರೆಯಲೇಬೇಕು.

ಗುಂಡಿ ಒತ್ತಿದೆವು. ಫ್ಯಾನುಗಳು ತಿರುಗಿದವು, ಬಣ್ಣದ ದೀಪಗಳು ಹೊತ್ತಿದವು. ಹುಡುಗರು ಚಪ್ಪಾಳೆ ತಟ್ಟಿದರು. ಪರದೆ ಮಾತ್ರ ಕಪ್ಪಾಗಿಯೇ ಇತ್ತು. ನೀಲಾ ಆರಿಸಿ ಮತ್ತೆ ಹಚ್ಚಿದಳು. ರ‍್ಯಾಮ್ ತೆಗೆದು ಹಾಕಿದಳು, ತಂತಿಗಳನ್ನೆಲ್ಲ ಬಿಚ್ಚಿ ಕಟ್ಟಿದಳು. ಕಪ್ಪು. ನನ್ನ ಕಿವಿಯಲ್ಲಿ ಅಂಗಡಿಯವನ ಮಾತು ಬಡಿಯುತ್ತಿತ್ತು. ಈಗ ಹೇಳಿಬಿಡಬೇಕು, ಈಗ — ಎಂದುಕೊಳ್ಳುವಷ್ಟರಲ್ಲಿ ಅಪ್ಪ ನನ್ನ ಕಡೆ ತಿರುಗಿ, ಏನಾಗಿದೆ, ನೀನು ಓದಿದವಳು ಹೇಳು, ಎಂದರು.

ನಾನಂದೆ, “ಪ್ರೊಸೆಸರ್ ಕೂಡಿಸುವಾಗ ನೀಲಾನ ಕೈ ನಡಗ್ಲತ್ತಿದ್ದವು.”

ಅಷ್ಟೇ. ಅದರಲ್ಲಿ ಸುಳ್ಳೆಂಬುದು ಒಂದಕ್ಷರವೂ ಇರಲಿಲ್ಲ. ಕೈ ನಡುಗಿತ್ತು, ಎಲ್ಲರೂ ನೋಡಿದ್ದರು. ಹಾಗಾಗಿ ಎಲ್ಲರೂ ನಂಬಿದರು. ನೀಲಾ ಪ್ರೊಸೆಸರ್ ಹೊರತೆಗೆದು ಬೆಳಕಿಗೆ ಹಿಡಿದು, “ಪಿನ್ ಸೀದಾ ಅದಾವಲ್ಲಾ ಅಕ್ಕಾ,” ಎಂದಳು. ಅವಳ ದನಿಯಲ್ಲಿ ವಾದವಿರಲಿಲ್ಲ, ಆಸೆಯಿತ್ತು. ಆ ಆಸೆಯನ್ನೂ ನಾನು ಬಿಡಲಿಲ್ಲ. ಮೈಯೊಳಗಿನ ಕರೆಂಟು ತಾಗಿದರೆ ಹೊರಗೆ ಕಾಣದಂತೆ ಒಳಗೇ ಸುಡುತ್ತದೆ ಎಂದು ತಿಳಿದವಳಂತೆ ಹೇಳಿದೆ. ಅವಳು ಕೈಗಳನ್ನು ಹೆಗಲ ಮೇಲಿನ ಓಢಣಿಯೊಳಗೆ ಸೇರಿಸಿಕೊಂಡಳು.

ಬೋರ್ಡ್, ಪ್ರೊಸೆಸರ್ ಎರಡನ್ನೂ ತೆಗೆದುಕೊಂಡು ಮತ್ತೆ ಉದಗೀರಕ್ಕೆ ಹೋದೆ. ಈ ಸಲ ಅಂಗಡಿ ಖಾಲಿಯಿತ್ತು, ನಾನು ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಅಂಗಡಿಯವನು ಬೋರ್ಡ್ ಅಪ್‌ಡೇಟ್ ಮಾಡಿದ. ಅದೇ ಪ್ರೊಸೆಸರ್ ಹಾಕಿ ಚಾಲೂ ಮಾಡಿ ತೋರಿಸಿದ. ಮನೆಯಲ್ಲಿ ನಾನು ಹೇಳಿದ್ದು — ಸುಟ್ಟುಹೋದದ್ದನ್ನು ಬದಲಿಸಿ ಕೊಟ್ಟರು ಎಂದು. ಈ ಸಲ ನಾನೇ ಜೋಡಿಸಿದೆ. ಪರದೆ ಬೆಳಗಿತು. ಅವ್ವ ನನಗೆ ದೃಷ್ಟಿ ತೆಗೆದಳು. ನೀಲಾ ಬಾಗಿಲ ಹತ್ತಿರ ನಿಂತು ನೋಡಿದಳು.

ಆಮೇಲೆ ಅವಳು ಆ ಕಂಪ್ಯೂಟರಿನ ಡಬ್ಬಿ ಮುಟ್ಟಲಿಲ್ಲ. ಡಿಪ್ಲೊಮಾದ ಮಾತು ಬಂದಾಗ, ಕೈಗೆ ಒಗ್ಗದ ಕೆಲಸ ಯಾಕೆ ಎಂದರು ಅಪ್ಪ. ಅವಳು ತಲೆಯಾಡಿಸಿದಳು. ನಾನು ಒಳಗಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದೆ. ಕೇಳಿಸಲಿಲ್ಲವೆಂದು ಹೇಳಲಾರೆ. ಕೇಳಿಸಿತ್ತು. ಎದ್ದು ಹೊರಗೆ ಬರಲು ನಾಲ್ಕು ಹೆಜ್ಜೆ ಸಾಕಿತ್ತು...

ನೀಲಾ ಈಗ ವಲಾಂಡಿಯಲ್ಲಿ ಶಾಲೆಯ ಮಕ್ಕಳಿಗೆ ಇತಿಹಾಸ ಕಲಿಸುತ್ತಾಳೆ. ನನ್ನ ಗಂಡನ ಮನೆ ಉಮರ್ಗಾ. ಈ ಸಲದ ಮಳೆಗಾಲದ ಕೊನೆಗೆ ನನಗೆ ಮಗಳು ಹುಟ್ಟಿದಳು. ಅಲ್ಲಿ ತೊಟ್ಟಿಲ ಕಾರ್ಯದ ದಿನ ಹೆಂಗಸರು ಕೂಸನ್ನು ತೊಟ್ಟಿಲ ಮೇಲಿಂದ ಒಬ್ಬರು, ಕೆಳಗಿಂದ ಒಬ್ಬರು, ಕೈಯಿಂದ ಕೈಗೆ ದಾಟಿಸುತ್ತಿದ್ದರು. ನಾನು ಕೂಸನ್ನು ನೀಲಾಳತ್ತ ಚಾಚಿದೆ. ಅವಳು ಹಿಂದೆ ಸರಿದಳು.

“ಬ್ಯಾಡಕ್ಕಾ, ನನ್ನ ಕೈಯಾಗ ಕೊಡಬ್ಯಾಡ. ನನ್ನ ಕೈ ನಿನಗ ಗೊತ್ತದಲ್ಲಾ.”

ನಗುತ್ತಲೇ ಹೇಳಿದಳು. ಪಕ್ಕದವರೂ ನಕ್ಕು ಕೂಸನ್ನು ತಾವು ಇಸಿದುಕೊಂಡರು.

ಜನ ಹೋದ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದ ನೀಲಾಳಿಗೆ ಎಲ್ಲವನ್ನೂ ಹೇಳಿದೆ. ಅಂಗಡಿ, ಬೋರ್ಡ್, ಚಹಾ, ಎಲ್ಲ. ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಒಂದನ್ನು ಕೇಳಿದಳು — ಅಂಗಡಿಯವನು ಮೊದಲೇ ಹೇಳಿದ್ದನೇ, ನಾವು ಜೋಡಿಸುವುದಕ್ಕಿಂತ ಮೊದಲೇ? ಹೌದು ಎಂದೆ.

“ಎಲ್ಲರ ಮುಂದ ಅಂದಿದ್ದಿ,” ಎಂದಳು. “ಎಲ್ಲರ ಮುಂದೇ ಹೇಳು.”

ಮರುದಿನ ಬೆಳಿಗ್ಗೆ ಕೂಸಿನ ಮುಖ ನೋಡಿ, ಮುಟ್ಟದೆ, ಬಸ್ಸಿಗೆ ಹೋದಳು.

ಎಳ್ಳ ಅಮವಾಸಿಗೆ ನಮ್ಮವರೆಲ್ಲ ಕಾಸಾರಶಿರಸಿಯ ಹೊಲದಲ್ಲಿ ಪೂಜೆ, ಊಟಕ್ಕೆ ಸೇರುತ್ತಾರೆ. ಮೊನ್ನೆಯೂ ಸೇರಿದ್ದರು. ಕಾಳು ಸೊಪ್ಪಿನ ಭಜ್ಜಿ, ಅಂಬಲಿ ಬಡಿಸಿ ಎಲ್ಲರೂ ಕೂತಾಗ ನಾನು ನಿಂತೇ ಹೇಳಿದೆ. ಏನನ್ನೂ ಬಿಡಲಿಲ್ಲ. ಅಪ್ಪ ಎತ್ತಿದ ತುತ್ತನ್ನು ತಾಟಿನಲ್ಲಿಟ್ಟರು. ನನ್ನತ್ತ ನೋಡಲಿಲ್ಲ, ನೀಲಾಳತ್ತಲೂ ನೋಡಲಾಗಲಿಲ್ಲ ಅವರಿಗೆ. ಅವ್ವ ಸೆರಗು ಬಾಯಿಗೆ ಹಿಡಿದಳು.

ಕಾಕಾ ನನ್ನನ್ನು ಸಮಾಧಾನ ಮಾಡಲು ಹೇಳಿದರು, “ಬಿಡವಾ, ಆವಾಗ ನೀ ಸಣ್ಣಾಕಿ ಇದ್ದಿ.”

ನೀಲಾ ತಲೆ ಎತ್ತಿದಳು. “ನಾ ಆಕಿಗಿಂತ ಸಣ್ಣಾಕಿ ಇದ್ದೆರೀ, ಕಾಕಾ,” ಎಂದಳು.