ಅಲಾರಾಂಗೆ ಮೀಸಲಿಟ್ಟ ಕೋರ್

ನಾನು ಹುಟ್ಟಿನಿಂದಲೇ ಅನುಮಾನದ ಪ್ರಾಣಿ. ಹಾಲಿನ ಪ್ಯಾಕೆಟ್ ಒಡೆದರೆ ಮೂಸಿ ನೋಡದೆ ಒಲೆ ಮೇಲೆ ಇಡಲ್ಲ. ಹಲಸೂರಿನ ನಮ್ಮ ಮನೆಯಲ್ಲಿ ಇದಕ್ಕೆ ಬೈಸಿಕೊಂಡಿದ್ದೇನೆ. ಜೀವನ್ ಬಿಮಾ ನಗರದ ಆಫೀಸಲ್ಲಿ ಇದಕ್ಕೇ ಸಂಬಳ ಕೊಡ್ತಿದ್ದರು. ನನ್ನ ಕೆಲಸ ಟೆಸ್ಟಿಂಗ್.

ನಾವು ಮಾಡುತ್ತಿದ್ದದ್ದು ಎಳೆಗೂಸುಗಳ ಉಸಿರು ಕಾಯುವ ಯಂತ್ರ. ಉಸಿರು ನಿಂತರೆ ತಕ್ಷಣ ಅಲಾರಾಂ ಹೊಡೆಯಬೇಕು. ಆ ಅಲಾರಾಂ ಪ್ರೋಗ್ರಾಂ ಬರೆದವಳು ಲಿಂಗರಾಜಪುರದಿಂದ ಬರುತ್ತಿದ್ದ ಕಾಂಟ್ರಾಕ್ಟ್ ಹುಡುಗಿ. ಯಂತ್ರದೊಳಗೆ ನಾಲ್ಕು ಕೋರ್, ಅಂದರೆ ಒಟ್ಟಿಗೇ ಕೆಲಸ ಮಾಡೋ ನಾಲ್ಕು ಕೌಂಟರ್. ಮೂರರಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ನಿಲ್ಲಬಹುದು. ನಾಲ್ಕನೆಯದು ಅಲಾರಾಂಗೇ ಮೀಸಲು. ಅಲಾರಾಂ ಬೇರೆ ಕೌಂಟರಿಗೆ ಹೋಗೋ ಹಾಗೂ ಇಲ್ಲ.

ಈ ಅಲಾರಾಂ ಒಮ್ಮೊಮ್ಮೆ ತಡವಾಗುತ್ತಿತ್ತು. ಅದೂ ಹೊರಗಿನವರಿಗೆ ತೋರಿಸುವಾಗಲೇ. ನಾವು ನಾವೇ ಇದ್ದಾಗ ಕ್ಯಾತೆಯೇ ಇಲ್ಲ. ಮ್ಯಾನೇಜರ್‌ಗೆ ಕಾರಣ ಹುಡುಕೋ ವ್ಯವಧಾನ ಇರಲಿಲ್ಲ. ಅವಳ ಕೋಡೇ ಸರಿಯಿಲ್ಲ, ಇನ್ನೊಂದು ಸಲ ಹೀಗಾದರೆ ಕಾಂಟ್ರಾಕ್ಟ್ ಮುಂದುವರಿಸಲ್ಲ ಅಂದುಬಿಟ್ಟರು. ಹುಡುಗಿ ಊಟದ ಡಬ್ಬಿ ತೆರೆಯೋದನ್ನೇ ಬಿಟ್ಟಳು. ಪಾಪ ಅನ್ನಿಸಿತು. ಹಾಗಂತ ಬಿಟ್ಟೆನಾ? ಮೊದಲು ಅವಳ ಕೋಡನ್ನೇ ಜಾಲಾಡಿದೆ. ಏನೂ ಸಿಗಲಿಲ್ಲ.

ನೆಂಟರು ಬಂದಿದ್ದಾರೆ ಅಂತ ಯಂತ್ರಕ್ಕೇನು ಕನಸು ಬೀಳುತ್ತಾ? ಅವರು ಬಂದಾಗ ಬದಲಾಗೋದು ಏನು? ಬಿಸ್ಕೆಟ್ ಬರುತ್ತೆ, ಏಸಿ ಜೋರಾಗುತ್ತೆ, ಗೋಡೆಯ ಟಿವಿ ಹಾಕ್ತಾರೆ. ಟಿವಿಯಲ್ಲಿ ಉಸಿರಿನ ಗ್ರಾಫ್, ಯಂತ್ರದೊಳಗಿಂದ ಅದನ್ನ ತೋರಿಸೋ ಪ್ರೋಗ್ರಾಂ ಮ್ಯಾನೇಜರ್ ಸ್ವತಃ ಬರೆದದ್ದು. ಒಂದು ಸಲವೂ ತಡವರಿಸದೆ ಓಡೋದು. ಅಷ್ಟು ನಯವಾಗಿ ನಡೆಯೋದನ್ನ ನಾನು ನಂಬಲ್ಲ.

ಒಳಹೊಕ್ಕು ನೋಡಿದೆ. ಹೇಗೂ ಖಾಲಿ ಇದೆಯಲ್ಲ ಅಂತ ಗ್ರಾಫನ್ನ ನಾಲ್ಕನೇ ಕೋರಿಗೇ ಕೂರಿಸಿದ್ದರು, ಆಸ್ಪತ್ರೆ ಮುಂದೆ ಆಂಬುಲೆನ್ಸ್ ಜಾಗದಲ್ಲಿ ಬೈಕ್ ನಿಲ್ಲಿಸಿ ಹೋಗ್ತಾರಲ್ಲ, ಹಾಗೆ. ಸಾಲದ್ದಕ್ಕೆ ಅಲಾರಾಂಗಿಂತ ಮೇಲಿನ ದರ್ಜೆ ಬೇರೆ. ಮೇಲಿನವರು ಬಂದರೆ ಕೆಳಗಿನವರು ಕೆಲಸ ಅರ್ಧಕ್ಕೇ ಬಿಟ್ಟು ಏಳಬೇಕು, ಅವರು ಮುಗಿಸೋವರೆಗೂ ಕಾಯಬೇಕು. ಅಲ್ಲಿನ ನಿಯಮವೇ ಅದು. ಪಕ್ಕದ ಮೂರು ಕೌಂಟರ್ ನೊಣ ಹೊಡೀತಿದ್ದರೂ ಅಲಾರಾಂ ಕಾದುಕೊಂಡು ನಿಂತಿತ್ತು. ಹೋಗಿ ಮ್ಯಾನೇಜರ್‌ಗೆ ಹೇಳಿದೆ. ಮಾರನೇ ದಿನ, ಗ್ರಾಫನ್ನ ಬೇರೆ ಕೋರಿಗೆ ಹಾಕಾಯ್ತು, ತಲೆ ಕೆಡಿಸ್ಕೋಬೇಡಿ ಅಂದರು. ಕೆಡಿಸಿಕೊಂಡೆ.

ಆಮೇಲೆ ಮಕ್ಕಳ ಡಾಕ್ಟರಮ್ಮ ಒಬ್ಬರು ಯಂತ್ರ ನೋಡಲು ಬಂದರು. ಟೆಸ್ಟಿಂಗ್ ಬೊಂಬೆಯ ಉಸಿರು ನಿಲ್ಲಿಸಿದೆವು. ಟಿವಿಯಲ್ಲಿ ಗೆರೆ ಚಂದವಾಗಿ ಮಲಗಿತು. ಅಲಾರಾಂ ಮಾತ್ರ ಇಲ್ಲ. ಮ್ಯಾನೇಜರ್ ಹುಡುಗಿಯನ್ನ ಗುರಾಯಿಸಿದರು.

"ಇಷ್ಟೊತ್ತಿಗೆ ಮಗು ನೀಲಿ ಆಗಿರ್ತಿತ್ತು," ಅಂದರು ಡಾಕ್ಟರಮ್ಮ.

ಇನ್ನು ತಡೆಯೋಕಾಗಲಿಲ್ಲ. ಎದ್ದುಹೋಗಿ ಗ್ರಾಫ್ ನಿಲ್ಲಿಸಿದೆ. ಆ ಕ್ಷಣವೇ ಅಲಾರಾಂ ಕಿವಿ ಕಿತ್ತುಹೋಗೋ ಹಾಗೆ ಹೊಡೆಯಿತು. ಅಲಾರಾಂದೇನೂ ತಪ್ಪಿಲ್ಲ, ಬೇರೆ ಕೋರಿಗೆ ಹಾಕಾಯ್ತು ಅಂದಿದ್ದ ಗ್ರಾಫ್ ಇನ್ನೂ ನಾಲ್ಕನೇ ಕೋರಲ್ಲೇ ಕೂತು ಅದನ್ನ ಕೆಲಸ ಮಾಡೋಕೆ ಬಿಡ್ತಿರಲಿಲ್ಲ ಅಂತ ಎಲ್ಲರ ಮುಂದೆಯೇ ಹೇಳಿದೆ.

ಡಾಕ್ಟರಮ್ಮ ಹೋದ ಮೇಲೆ ಮ್ಯಾನೇಜರ್ ಹುಡುಗಿಯ ಹತ್ತಿರ ಬಂದು, ಕಾಂಟ್ರಾಕ್ಟ್ ಮುಂದುವರಿಸ್ತೀವಿ, ಗ್ರಾಫನ್ನ ಈಗಲೇ ಬೇರೆ ಕೋರಿಗೆ ಹಾಕ್ತೀನಿ, ನೀನು ಮನೆಗೆ ಹೋಗಮ್ಮ ಅಂದರು. ಬ್ಯಾಗ್ ಹೆಗಲಿಗೇರಿಸಿದವಳು ಹೊರಡಲಿಲ್ಲ. ಅವರ ಕುರ್ಚಿಯ ಹಿಂದೆ ಬಂದು ನಿಂತಳು.

"ಹಾಕಿ ಸರ್. ನೋಡ್ಕೊಂಡೇ ಹೋಗ್ತೀನಿ."