ಕೆಂಚನ ಕಾಲು, ಅತ್ತೆಯ ಕತ್ತರಿ

ನಮ್ಮ ಅತ್ತೆ ಬೋರಮ್ಮನವರ ಮಡಿಲಲ್ಲಿ ನಾಲ್ಕೂ ಕಾಲು ಮೇಲೆತ್ತಿ ಮಲಗುವ ಭಾಗ್ಯವನ್ನು ನಮ್ಮ ಮನೆಯಲ್ಲಿ ಪಡೆದಿದ್ದದ್ದು ಒಂದೇ ಜೀವ, ಕೆಂಚ ಎಂಬ ನಾಯಿ. ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಗೋಣಿಚೀಲ ಹಾಸಿ, ದಾರ ಕಟ್ಟಿದ ಕನ್ನಡಕ ಏರಿಸಿ, ಅತ್ತೆ ಅದರ ಬೆರಳ ಸಂದಿಯ ಕೂದಲನ್ನು ಕತ್ತರಿಸುತ್ತಿದ್ದರು. ಆ ಹೊತ್ತಿನಲ್ಲಿ ಮಗ ಕಾಫಿ ಕೇಳಿದರೆ, "ಕೈಯಿಲ್ವೇನ್ಲಾ ನಿಂಗೆ?" ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ನಿಮ್ಮ ಉಗುರನ್ನೂ ಹೀಗೆ ಕತ್ತರಿಸುತ್ತಿದ್ದರೇ ಎಂದು ಒಮ್ಮೆ ನನ್ನ ಗಂಡನನ್ನು ಕೇಳಿದ್ದೆ. ಅವರು ಹಲ್ಲಿನಲ್ಲೇ ಕಚ್ಚಿಕೊಳ್ಳುತ್ತಿದ್ದರಂತೆ.

ಈ ಸೇವೆ ಸುಮ್ಮನೆ ಶುರುವಾದದ್ದಲ್ಲ. ವಿರೂಪಾಕ್ಷಿಪುರದ ಹತ್ತಿರದ ನಮ್ಮ ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಮನೆಯಿತ್ತು. ಅದರೊಳಗೆ ಹೋಗುವುದೆಂದರೆ ಗರ್ಭಗುಡಿಗೆ ಹೋದ ಹಾಗೆ. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲಿಟ್ಟ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಎರಡೂ ಕಾಲು ಅದ್ದಿ, ಸುಣ್ಣದ ಪುಡಿ ತುಳಿದು ಒಳಗೆ ನಡೆಯಬೇಕು. ಇಷ್ಟೆಲ್ಲ ಮಾಡಿದರೂ ಒಂದು ವರ್ಷ ಎರಡು ಬೆಳೆಗೆ ಹಾಲುತೊಂಡೆ ರೋಗ ತಗುಲಿತು. ಹುಳುಗಳು ಹಳದಿಗೆ ತಿರುಗಿ, ಊದಿ ಒಡೆದು ಸತ್ತವು.

ಅಪರಾಧಿಯನ್ನು ಪತ್ತೆಹಚ್ಚುವುದರಲ್ಲಿ ನಮ್ಮ ಮಾವನವರಿಗೆ ವಿಶೇಷ ಪ್ರತಿಭೆ. ಕರೆಂಟು ಹೋದರೆ ಲೈನ್‌ಮನ್, ಮುದ್ದೆ ಗಂಟಾದರೆ ನಾನು. ಈ ಸಲ ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. "ಊರ ತಿಪ್ಪೆನೆಲ್ಲ ತುಳ್ಕಂಡು ಬತ್ತದೆ, ಬಂದು ಹುಳದ ಮನೆ ಬಾಗ್ಲಲ್ಲೇ ಬಿದ್ಕತದೆ. ಈ ನಾಯಿನ ಕೋಡಿಹಳ್ಳಿ ಭಾವನ ತೋಟಕ್ಕೆ ಸಾಗಾಕ್ಬುಡಣ" ಎಂದರು.

ಅತ್ತೆ ಕೈಲಿದ್ದ ಮೊರ ಕೆಳಗಿಟ್ಟರು. "ಅದ್ರ ಕಾಲ್ನ ನಿಮ್ಮ ಕಾಲಿಗಿಂತ ಚೊಕ್ಕಟವಾಗಿ ಮಡಗ್ತೀನಿ. ಇನ್ನೊಂದು ಬೆಳೆ ನೋಡಿ. ಆಗ್ಲೂವೆ ಕೆಟ್ರೆ ನಾನೇ ಕರ್ಕಂಡೋಗಿ ಬುಟ್ಬತ್ತೀನಿ."

ಹೀಗೆ ಕೆಂಚನಿಗೆ ಒಂದು ಬೆಳೆಯ ಜಾಮೀನು ಸಿಕ್ಕಿತು.

ಅತ್ತೆಯ ವಿಜ್ಞಾನ ಸರಳವಾಗಿತ್ತು. ಮನುಷ್ಯರ ಕಾಲಿಗೆ ಆಗುವ ಬ್ಲೀಚಿಂಗ್ ನೀರು ನಾಯಿಯ ಕಾಲಿಗೆ ಯಾಕೆ ಆಗಬಾರದು? ಬೆಳಿಗ್ಗೆ ಸಂಜೆ ಅದೇ ಬೇಸಿನ್ನಿನಲ್ಲಿ ನಾಲ್ಕೂ ಪಾದ ಅದ್ದಿಸಿದರು. ಕೆಲವೇ ದಿನಗಳಲ್ಲಿ ಕೆಂಚನ ಅಂಗಾಲು ಕೆಂಪಗಾಗಿ ಬಿರಿದು, ಅವನು ಹೆಜ್ಜೆ ಇಡಲಾರದೆ ನರಳತೊಡಗಿದ. ನಾನು ಫೋಟೋ ತೆಗೆದುಕೊಂಡು ಹೋಗಿ ಚನ್ನಪಟ್ಟಣದ ಪಶುವೈದ್ಯರಿಗೆ ತೋರಿಸಿದೆ. ಬರೀ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಸಂದಿಯಲ್ಲಿ ಪಸೆಯಿಲ್ಲದಂತೆ ಒರೆಸಿ, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೆ ಸಾಕು ಎಂದರು ಅವರು. ಅದನ್ನು ಕೇಳಿದ ಅತ್ತೆ, "ನನ್ನ ಕೈ ಸೇದೋಗ" ಎಂದು ತಮ್ಮನ್ನೇ ಬೈದುಕೊಂಡು ಅತ್ತರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಪ್ರಾಯಶ್ಚಿತ್ತವಾಗಿ ಕೆಂಚನಿಗೆ ಮಟನ್ ಸಾರಿನಲ್ಲಿ ಮುದ್ದೆ ಕಿವುಚಿ ಹಾಕಿದರು. ತಿಂಗಳಿಂದ ಮಟನ್ ಕೇಳಿ ಕೇಳಿ ಸಾಕಾಗಿದ್ದ ಮಾವ ಅದನ್ನು ಕಣ್ಣಾರೆ ನೋಡಿದರು. ಕಾಲು ವಾಸಿಯಾದ ಮೇಲೂ ಸಾರಿನ ವಾಸನೆ ಬಂದರೆ ಸಾಕು, ಕೆಂಚ ಕುಂಟುತ್ತಿದ್ದ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು. ಯಾವ ಕಾಲು ಕುಂಟಬೇಕೆಂಬುದು ಅವನಿಗೇ ನೆನಪಿರುತ್ತಿರಲಿಲ್ಲ.

ಆಮೇಲೆ ಅತ್ತೆ ಕೆಲಸ ಕಲಿತರು. ಕೂದಲಿಗೆ ಮೊಂಡು ಮೂತಿಯ ಕತ್ತರಿ, ಉಗುರಿಗೆ ಪೇಟೆಯಿಂದ ತರಿಸಿದ ಕಟ್ಟರ್. "ಕರೀ ಉಗುರು ಕಣವ್ವ, ಒಳಗೆ ನರ ಎಲ್ಲೈತೋ ಕಾಣಕ್ಕಿಲ್ಲ. ಒಸಿ ಒಸಿನೇ ತಗೀಬೇಕು" ಎಂದು ನನಗೆ ಪಾಠ ಹೇಳುತ್ತಿದ್ದರು. ಕೆಂಚನ ತಲೆ ಹಿಡಿದುಕೊಳ್ಳುವುದು ನನ್ನ ಕೆಲಸ. ನನ್ನ ಎಂ.ಎ. ಪದವಿ ಆ ಮನೆಯಲ್ಲಿ ಅದಕ್ಕಿಂತ ಎತ್ತರದ ಉಪಯೋಗಕ್ಕೆ ಬಂದದ್ದಿಲ್ಲ. ಒಮ್ಮೆ ಮಾಗಡಿಯಿಂದ ನನ್ನ ತಂದೆ ಬಂದರು. ನಿವೃತ್ತ ಹೆಡ್‌ಮಾಸ್ಟರು, ಬಿಳಿ ಪಂಚೆ. ಅತ್ತೆ ಅವರನ್ನು ಬಾಗಿಲಲ್ಲೇ ತಡೆದು ಚೊಂಬು ಮುಂದಿಟ್ಟರು. "ಕಾಲ್ ತೊಳ್ಕಂಡು ಬನ್ನಿ ಬೀಗ್ರೆ. ಕೆಂಚನೂ ಈಗ್ತಾನೆ ತೊಳ್ಕಂಡವ್ನೆ." ಅಂದಿನಿಂದ ಅಪ್ಪ ಫೋನು ಮಾಡಿದರೆ ಮೊದಲು ನಾಯಿಯ ಯೋಗಕ್ಷೇಮ, ಆಮೇಲೆ ನನ್ನದು.

ಇಷ್ಟಾದರೂ ಆ ಬೆಳೆಯಲ್ಲಿ ಹುಳುಗಳಿಗೆ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ಹೊತ್ತು, ಕಳೆದು ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ, ಒಂದು ಅಟ್ಟಣೆಯಲ್ಲಿ ಹಳದಿ ಹುಳು ಕಂಡವು. ಮಾವ ಒಳಗೆ ಹೋಗಿ ಹಗ್ಗ ತಂದರು. ಕೆಂಚ ಎಂದಿನಂತೆ ಬಾಲ ಅಲ್ಲಾಡಿಸಿದ. ಒಪ್ಪಿದ ಮಾತು ಅತ್ತೆಯದೇ ಆಗಿತ್ತು.

ಅವರು ಎದ್ದು ಹುಳುವಿನ ಮನೆಯ ಬಾಗಿಲಿಗೆ ಹೋಗಿ, ಸುಣ್ಣದ ಪುಡಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಬಿಳಿ ಪುಡಿಯ ಮೇಲೆ ಅಚ್ಚು ಒತ್ತಿದಂತೆ ಚಪ್ಪಲಿ ಗುರುತು, ಒಳಗೆ ಹೋದದ್ದು, ಹೊರಗೆ ಬಂದದ್ದು. ಎಡಗಾಲಿನ ಹಿಮ್ಮಡಿ ಸವೆದಿತ್ತು. ಹಾಗೆ ಸವೆದ ಚಪ್ಪಲಿಯನ್ನು ಬಿಸಾಡಲು ಒಪ್ಪದವರು ಮನೆಯಲ್ಲಿ ಮಾವ ಒಬ್ಬರೇ. ಅವರು ದಿನಾ ಸಂಜೆ ಊರೊಳಗಿನ ಗೆಳೆಯ ನಿಂಗಪ್ಪನ ಹುಳುವಿನ ಮನೆಯ ಪಡಸಾಲೆಯಲ್ಲಿ ಇಸ್ಪೀಟು ಆಡಿ ಬರುತ್ತಿದ್ದರು. ನಿಂಗಪ್ಪನ ಹುಳುಗಳು ಹಾಲುತೊಂಡೆ ಬಂದು ಸಾಯುತ್ತಿದ್ದದ್ದು ಊರಿಗೇ ಗೊತ್ತಿತ್ತು. ಅಲ್ಲಿಂದ ನೇರ ಬಂದು, ಬೇಸಿನ್ ದಾಟಿಕೊಂಡು, ಹುಳು ಹೆಂಗವೆ ಅಂತ ಇಣುಕುತ್ತಿದ್ದರು.

ಅತ್ತೆ ತಲೆಯೆತ್ತಿದರು. "ಕೆಂಚ ಯಾವಾಗಿಂದ ಚಪ್ಲಿ ಹಾಕ್ಕಳಕ್ಕೆ ಶುರು ಮಾಡ್ದ?"

"ಹಗ್ಗ ಒಣಗಾಕಣ ಅಂತ ತಂದೆ" ಎಂದು ಮಾವ ಅದನ್ನು ತಂತಿಯ ಮೇಲೆ ಹರವಿದರು.

ಶಿಕ್ಷೆಯೂ ಆಯಿತು. ಸಕ್ಕರೆ ಕಾಯಿಲೆಯ ಮಾವನ ಹಿಮ್ಮಡಿ ಬಿರಿದು ಗಾಯವಾಗುತ್ತಿತ್ತು, ಯಾರಿಗೂ ತೋರಿಸುತ್ತಿರಲಿಲ್ಲ. ಮುಂದಿನ ಭಾನುವಾರದಿಂದ ಕೆಂಚನ ನಂತರ ಅವರ ಸರದಿ. "ಅದು ಅಲುಗಾಡಕ್ಕಿಲ್ಲ, ನಿಮ್ದೇ ರಗಳೆ" ಎನ್ನುತ್ತ ಅತ್ತೆ ಎರಡು ಪಾದವನ್ನೂ ತೊಳೆದು ಒರೆಸುತ್ತಿದ್ದರು. ಟವೆಲು ಬೇರೆ ಬೇರೆ. ಅಷ್ಟು ಮರ್ಯಾದೆ ಕೆಂಚನಿಗೆ ಕೊಡುತ್ತಿದ್ದರು.

ಹೋದ ವರ್ಷ ಆಷಾಢದಲ್ಲಿ ಅತ್ತೆಗೆ ಎದೆನೋವು ಬಂತು. ರಾಮನಗರದ ಆಸ್ಪತ್ರೆಗೆ ಸೇರಿಸಿದೆವು. ಎರಡನೇ ದಿನ ಮೂಗಿನ ಕೊಳವೆ ಪಕ್ಕಕ್ಕೆ ಸರಿಸಿ ಮಾವನಿಗೆ ಹೇಳಿದರು. "ನಾನಿಲ್ಲ ಅಂತ ಕೆಂಚನ್ನ ಎಲ್ಲಾರ ಸಾಗಾಕ್ಬುಟ್ಟೀರ."

"ಇಲ್ಲ ಕಣಮ್ಮಿ. ನಾನೇ ನೋಡ್ಕತೀನಿ."

ಅತ್ತೆ ನಂಬಿಕೆ ಬಾರದೆ ನನ್ನ ಕಡೆ ತಿರುಗಿದರು. "ಇವ್ರ ಕೈಲಿ ಆಗಕ್ಕಿಲ್ಲ. ಇಬ್ರುದೂ ನೀನೇ ನೋಡ್ಕಳವ್ವ. ಬೆರಳ ಸಂದೀಲಿ ನೀರು ಬುಡಬ್ಯಾಡ." ಅವರು ನನ್ನ ಹತ್ತಿರ ಆಡಿದ ಕೊನೆಯ ಮಾತು ಅದು. ಮಾರನೆಯ ಬೆಳಿಗ್ಗೆ ಅವರಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಒಬ್ಬನೇ ಮಗನಿಗೆ ಒಂದು ಸಂದೇಶವೂ ಇರಲಿಲ್ಲ. ನನ್ನ ಗಂಡ ಇನ್ನೂ ಅದನ್ನು ಹೇಳಿಕೊಂಡು ನಗುತ್ತಾರೆ.

ಹುಳು ಸಾಕುವುದನ್ನು ಬಿಟ್ಟೆವು. ಈಗ ನಮ್ಮ ಮನೆಗೆ ಯಾರು ಯಾವ ಕಾಲಲ್ಲಿ ಬಂದರೂ ಕೇಳುವವರಿಲ್ಲ. ತಿಥಿ ಕಳೆದ ಮೇಲಿನ ಭಾನುವಾರ ನಾನು ಬಿಸಿನೀರು ಕಾಯಿಸಿ ಕೆಂಚನ ಕಾಲು ಮುಗಿಸಿ ಏಳುವಷ್ಟರಲ್ಲಿ, ಮಾವ ಕುರ್ಚಿ ಎಳೆದುಕೊಂಡು ಬಂದು ಕೂತು, ಎರಡೂ ಪಾದ ಮುಂದಕ್ಕೆ ಚಾಚಿದರು. ಬೆರಳ ಸಂದಿ ಒರೆಸುವಾಗ ಅವರು ಪಾದ ಹಿಂದಕ್ಕೆ ಎಳೆದುಕೊಂಡರು. ಮೇಲೆ ನೋಡಿದರೆ ಅಳುತ್ತಿದ್ದರು. "ಅಲುಗಾಡಬೇಡಿ ಮಾವ" ಎಂದು ಗದರಿದೆ. ಗದರದಿದ್ದರೆ ನಾನೂ ಅತ್ತುಬಿಡುತ್ತಿದ್ದೆ.